ಮೇಕೆ ತಿಂದ ಅಕಾರಗಳು

ಫಾದರ್ ಸಾಕಿದ ಮೇಕೆ ಕಿಟಕಿಯಿಂದ ಕತ್ತು ಚಾಚಿ ನಾಲ್ಕು ‘ಅ’ಗಳನ್ನು ಒಂದರ ಹಿಂದೊಂದು ನುಂಗಿದಾಗ ಬೆಳಗಿನ ಒಂಬತ್ತೂ ಕಾಲು. ಶಾಲಾ ಮಂಡಳಿಯ ಕಾರ್ಯದರ್ಶಿಗಳ ಜೀಪು ಬರಬೇಕಾದದ್ದು ಹತ್ತಕ್ಕೆ.

ಚರ್ಚಿನ ಮಿಡ್ಲ್ ಸ್ಕೂಲಿನ ಪಡಸಾಲೆಯಲ್ಲಿ ಹೊಸ ನೀಲಿ ಹಲಗೆ. ಅದರ ಮೇಲೆ ಶಾಲೆಯ ಧ್ಯೇಯಗಳು, ಕೆಳಗೆ ಆಡಳಿತ ವ್ಯವಸ್ಥೆ. ಭಾಷಾ ಮೇಷ್ಟ್ರು ಮೂರು ದಿನ ಕೂತು ಚಿನ್ನದ ಬಣ್ಣದ ಕಾಗದದಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ, ಹಿಟ್ಟು ಕುದಿಸಿದ ಅಂಟಿನಿಂದ ಅಂಟಿಸಿದ್ದರು. ನಾಲ್ಕು ಸಾಲೂ ‘ಅ’ದಿಂದಲೇ ಶುರುವಾಗುತ್ತಿದ್ದವು. ಹಲಗೆಯ ಎಡತುದಿ ಕಿಟಕಿಯ ಪಕ್ಕಕ್ಕೇ ಇತ್ತು. ಮೇಕೆಗೆ ಇನ್ನೇನು ಬೇಕು?

ಗಣಿತದ ಟೀಚರ್ ಬಂದವರೇ ಗಟ್ಟಿಯಾಗಿ ಓದಿದರು.

“ಜ್ಞಾನವನ್ನು ಹೋಗಲಾಡಿಸುವುದು. ನ್ಯಾಯಕ್ಕೆ ತಲೆಬಾಗದಿರುವುದು. ಸತ್ಯದಿಂದ ದೂರವಿರುವುದು. ಧ್ಯಕ್ಷರು, ಫಾದರ್. ಏನ್ ಮೇಷ್ಟ್ರೇ, ಇಷ್ಟು ವರ್ಷ ನಾವು ಮಾಡ್ತಿರೋದನ್ನ ಇವತ್ತು ಬಾಯ್ಬಿಟ್ಟು ಹೇಳ್ಬಿಟ್ರಾ?”

ಮೇಷ್ಟ್ರು ಹಲಗೆಯತ್ತ ಓಡಿದರು. ಒಂಬತ್ತು ವರ್ಷದಿಂದ ಅವರು ತಾತ್ಕಾಲಿಕ. ಕೆಲಸ ಖಾಯಂ ಮಾಡಿ ಎಂಬ ಅವರ ಅರ್ಜಿಗೆ ಮಂಡಳಿಯ ಉತ್ತರ ಇವತ್ತು ಕಾರ್ಯದರ್ಶಿಗಳ ಚೀಲದಲ್ಲಿ ಬರುತ್ತಿತ್ತು. “ಇವತ್ತೂ ತಾತ್ಕಾಲಿಕವಾಗೇ ಮನೆಗೆ ಬಂದ್ರೆ, ಊಟಾನೂ ತಾತ್ಕಾಲಿಕ ನೋಡಿ” ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

ಉಳಿದ ಕಾಗದದ ಚೂರನ್ನು ಮೇಷ್ಟ್ರು ಮೇಜಿನ ಮೇಲೆ ಹರಡಿದರು. ಹೇಗೆ ತಿರುಗಿಸಿದರೂ ಮೂರೇ ‘ಅ’ ಬರುತ್ತಿದ್ದವು.

“ನಾಲ್ಕರಲ್ಲಿ ಮೂರು ಕಳೆದ್ರೆ ಒಂದು ಕಮ್ಮಿ” ಎಂದರು ಗಣಿತದ ಟೀಚರ್, ಯಾರೂ ಕೇಳದಿದ್ದರೂ.

“ಫಾದರ್‌ದು ಬಿಟ್ಬಿಡಿ. ಮೇಕೆ ಅವರದ್ದೇ ತಾನೆ?” ಎಂದರು ಡ್ರಿಲ್ ಮೇಷ್ಟ್ರು.

“ಅಧ್ಯಕ್ಷರ ತಲೆ ತೆಗೀತೀರಾ?” ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. “ಮೇಷ್ಟ್ರೇ, ನಿಮ್ಮ ಶಿಫಾರಸಲ್ಲಿ ನಾನು ಏನಂತ ಬರೆದಿದ್ದೀನಿ ಗೊತ್ತಲ್ಲ? ಅಕ್ಷರದಲ್ಲಿ ಇವರನ್ನ ಮೀರಿಸೋರಿಲ್ಲ ಅಂತ. ನನ್ನ ಮಾನ ನಿಮ್ಮ ಕೈಲಿದೆ.”

“ಹಂಗಾದ್ರೆ ಸತ್ಯದ ಸಾಲನ್ನೇ ಕಿತ್ತುಹಾಕಿ” ಎಂದು ಡ್ರಿಲ್ ಮೇಷ್ಟ್ರು ಉಗುರು ಹಾಕಲು ಹೋದರು. ಭಾಷಾ ಮೇಷ್ಟ್ರು ಕೋಳಿಮರಿಗೆ ಅಡ್ಡ ಬಂದ ತಾಯಿಕೋಳಿಯಂತೆ ಹಲಗೆಗೆ ಅಡ್ಡ ನಿಂತರು.

ಒಂಬತ್ತೂ ಮುಕ್ಕಾಲು. ಮೂರು ‘ಅ’ಗಳನ್ನು ಮೇಷ್ಟ್ರು ಅಂಟಿಸಿದರು. ಅಜ್ಞಾನ ಸರಿಹೋಯಿತು, ಅಸತ್ಯ ಸರಿಹೋಯಿತು, ಅಧ್ಯಕ್ಷರಿಗೆ ತಲೆ ಬಂತು. ನಡುವೆ ‘ನ್ಯಾಯಕ್ಕೆ ತಲೆಬಾಗದಿರುವುದು’ ಮಾತ್ರ ಬಿದ್ದ ಹಲ್ಲಿನಂತೆ ಅಣಕಿಸುತ್ತಿತ್ತು.

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪಿನ ಸದ್ದು.

“ಬಂದ್ರು” ಎಂದು ಪಿಸುಗುಟ್ಟಿದರು ಸಿಸ್ಟರ್. ಉಳಿದವರು ಸಾಲಾಗಿ ನಿಂತರು. ಮೇಷ್ಟ್ರು ಮಾತ್ರ ಹಲಗೆಯ ನ್ಯಾಯದ ಸಾಲನ್ನು ದಿಟ್ಟಿಸಿದರು. ‘ಅ’ ಇಲ್ಲದಿದ್ದರೆ ಹೋಗಲಿ, ಆ ತುದಿಯ ‘ಬಾಗದಿರು’ವಿನಲ್ಲಿ ಅಡಗಿರುವ ‘ಇಲ್ಲ’ವನ್ನೂ ತೆಗೆದರೆ? ಸರಕ್ಕನೆ ‘ದಿ’ ಕಿತ್ತರು. ‘ರು’ ಕಿತ್ತು, ಅದರ ಕೊಂಬನ್ನಷ್ಟೇ ಕತ್ತರಿಸಿ ‘ಗ’ಕ್ಕೆ ಅಂಟಿಸಿದರು. ‘ವುದು’ವನ್ನು ಎಬ್ಬಿಸಿ ಪಕ್ಕಕ್ಕೆ ಸರಿಸಿದರು. ಕತ್ತರಿ ಜೇಬಿಗೆ ಬೀಳುವುದಕ್ಕೂ ಕಾರ್ಯದರ್ಶಿಗಳ ಬೂಟು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ನ್ಯಾಯಕ್ಕೆ ತಲೆಬಾಗುವುದು.

ಕಾರ್ಯದರ್ಶಿಗಳು ಯಾರಿಗೂ ನಮಸ್ಕಾರ ಹೇಳಲಿಲ್ಲ. ನೇರ ಹಲಗೆಯ ಮುಂದೆ ನಿಂತು, ಕನ್ನಡಕ ಏರಿಸಿ, ಒಂದೊಂದಕ್ಷರದ ಮೇಲೂ ಬೆರಳಾಡಿಸುತ್ತ ಓದಿದರು. ‘ಗು’ ಬಳಿ ಬೆರಳು ನಿಂತಿತು. ಮೇಷ್ಟ್ರ ಉಸಿರೂ ನಿಂತಿತು. ಬೆರಳು ಮುಂದೆ ಸರಿಯಿತು.

“ಒಂದೂ ತಪ್ಪಿಲ್ಲ. ಇದನ್ನ ಮಾಡಿದ ಭಾಷಾ ಮೇಷ್ಟ್ರು ಯಾರು?”

“ಇವರೇ ಸಾರ್” ಎಂದು ಎಲ್ಲರೂ ಮೇಷ್ಟ್ರನ್ನು ಮುಂದೆ ತಳ್ಳಿದರು.

ಕಾರ್ಯದರ್ಶಿಗಳು ಚೀಲದಿಂದ ಎರಡು ಲಕೋಟೆ ತೆಗೆದರು. ಒಂದನ್ನು ಮತ್ತೆ ಚೀಲಕ್ಕೆ ಹಾಕಿ, ಇನ್ನೊಂದನ್ನು ಮೇಷ್ಟ್ರ ಕೈಗಿತ್ತರು. ಮೇಷ್ಟ್ರು ಒಡೆದು ಓದಿದರು: ‘ಅರ್ಜಿದಾರರ ಕೋರಿಕೆಯಂತೆ, ಅವರು ಖಾಯಂ ಹುದ್ದೆಗೆ ಅನರ್ಹರೆಂದು ಮಂಡಳಿಯು ಅವಿರೋಧವಾಗಿ ಒಪ್ಪಿದೆ.’

“ಸಾರ್, ನಾನು ಅರ್ಹ ಅಂತಲ್ವಾ ಬರೆದದ್ದು?”

ಕಾರ್ಯದರ್ಶಿಗಳು ಅರ್ಜಿಯನ್ನೇ ಬಿಡಿಸಿ ತೋರಿಸಿದರು. ಮೇಷ್ಟ್ರದೇ ದುಂಡನೆಯ ಕೈಬರಹ. ‘ಒಂಬತ್ತು ವರ್ಷಗಳ ಸೇವೆಯಿಂದ ನಾನು ಅನರ್ಹನಾಗಿದ್ದೇನೆ.’ ನಡುವೆ ಒಂದು ‘ನ’ ಅತ್ತೆಮನೆಗೆ ಬಂದ ಅಳಿಯನಂತೆ ಆರಾಮಾಗಿ ಕೂತಿತ್ತು.

“ಕೈತಪ್ಪಿ ಬಂದಿರಬೇಕು ಅಂತ ಮಂಡಳೀಲಿ ಅರ್ಧ ಜನ ಅಂದ್ರು. ಇಲ್ಲ, ಬೇಕಂತಲೇ ಬರೆದಿದ್ದಾರೆ ಅಂತ ಇನ್ನರ್ಧ ಜನ. ಕೊನೆಗೆ ಎಲ್ಲರೂ ಒಪ್ಪಿ, ಹೋಗಿ ಅವರ ಹಲಗೆ ಓದಿ, ಒಂದಕ್ಷರ ತಪ್ಪಿದ್ರೂ ಕೈತಪ್ಪೇ ಅಂತ ತಿಳಿದು ಆ ಇನ್ನೊಂದು, ಖಾಯಂ ಲಕೋಟೆ ಕೊಟ್ಟು ಬನ್ನಿ ಅಂತ ನನ್ನ ಕಳಿಸಿದ್ರು” ಎಂದು ಕಾರ್ಯದರ್ಶಿಗಳು ಚೀಲದ ಬಕ್ಕಲು ಹಾಕಿದರು. “ತಮ್ಮ ಯೋಗ್ಯತೆ ತಾವೇ ಒಪ್ಪಿಕೊಳ್ಳೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಹೇಳಿ.”

“ಸಾರ್, ನಾನೂ ಒಂದೊಂದ್ಸಲ ತಪ್ಪು ಬರೀತೀನಿ” ಎಂದು ಮೇಷ್ಟ್ರು ಗೋಗರೆದರು.

“ಇವರ ವಿನಯ ನೋಡಿ” ಎಂದರು ಸಿಸ್ಟರ್, ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತ. “ಹುಟ್ಟಿದಾಗಿಂದ ಒಂದಕ್ಷರ ತಪ್ಪಿದೋರಲ್ಲ ಸಾರ್, ಬೇಕಾದ್ರೆ ಇವರನ್ನೆಲ್ಲ ಕೇಳಿ.”

ಕಾರ್ಯದರ್ಶಿಗಳು ಕೇಳಿದರು. ಗಣಿತದ ಟೀಚರ್, ಡ್ರಿಲ್ ಮೇಷ್ಟ್ರು ಇಬ್ಬರೂ ಎದೆ ಮುಟ್ಟಿಕೊಂಡು ಹೌದೆಂದರು.