ಅಡುಗೆ ಯಂಕಪ್ಪನ ಬಲರಟ್ಟೆ

ಶಹಾಬಜಾರದ ಅಡುಗೆ ಯಂಕಪ್ಪನಿಗೆ ಇನ್ನೊಬ್ಬರ ಸಹಾಯ ಕೇಳುವುದೆಂದರೆ ಮೀಸೆ ಬೋಳಿಸಿಕೊಂಡಷ್ಟು ಅವಮಾನ. ಅವತ್ತು ಸಂಜೆ ಕಮಲಾಪುರದ ಭಾಗಪ್ಪನವರ ಹಿರಿಮಗಳ ಮದುವೆಯ ಊಟವಿತ್ತು. ಬೆಳಿಗ್ಗೆ ಸಾರು ಮಾಡುವ ದೊಡ್ಡ ಕೊಪ್ಪರಿಗೆಯನ್ನು ಟೆಂಪೋಗೆ ಏರಿಸಬೇಕಿತ್ತು. ಸೈಕಲ್ ಅಂಗಡಿಯ ಬಂದೇನವಾಜ್ ತಾನೂ ಕೈ ಹಚ್ಚುತ್ತೇನೆಂದು ಬರುವಷ್ಟರಲ್ಲಿ ಯಂಕಪ್ಪ ಒಬ್ಬನೇ ಎತ್ತಿಬಿಟ್ಟ. ಕೊಪ್ಪರಿಗೆ ಮೇಲೇರಿತು, ಬಲಭುಜದೊಳಗೆ ಟಪ್ ಎಂದಿತು.

ನೋಡನೋಡುತ್ತಲೇ ರಟ್ಟೆಯಲ್ಲಿ ಆಲೂಗಡ್ಡೆಯಷ್ಟು ಉಬ್ಬು ಎದ್ದು ಕೂತಿತು. ಓಣಿಗೆ ಓಣಿಯೇ ನೆರೆಯಿತು. ಮೂಳೆ ಜಾರಿದೆ ಎಂದು ಬಂದೇನವಾಜ್ ಕೈ ಹಿಡಿದು ಜಗ್ಗಿದ. ಎದುರು ಮನೆಯ ಸಾಬಮ್ಮ ಅದು ವಾಯು ಎಂದು ತೀರ್ಮಾನಿಸಿ, ಬಿಸಿ ಎಣ್ಣೆ ಹಚ್ಚಿ ಚಪಾತಿ ಹಿಟ್ಟು ನಾದಿದಂತೆ ನಾದಿದಳು. ಯಂಕಪ್ಪನ ಕೂಗು ಮೂರನೆಯ ಓಣಿಗೂ ಕೇಳಿತು. ಕೊನೆಗೆ ಹೆಂಡತಿ ಮಾಳಮ್ಮ ಎಲ್ಲರನ್ನೂ ಬೈದು, ಗಂಡನನ್ನು ಆಟೋದಲ್ಲಿ ಹಾಕಿಕೊಂಡು ಬ್ರಹ್ಮಪುರದ ಎಲುಬಿನ ಡಾಕ್ಟರ್ ರೇವತಿಯವರ ಹತ್ತಿರ ಓಡಿದಳು.

ದಾರಿಯುದ್ದಕ್ಕೂ ಯಂಕಪ್ಪನಿಗೆ ಒಂದೇ ಹೆದರಿಕೆ. ಸೌಟು ತಿರುವುವ ಕೈಯೇ ಹೋದರೆ ತಾನು ಯಾತಕ್ಕೆ ಬೇಕು?

"ಡಾಕ್ಟರ್‍ರೀ, ಕೈ ಉಳಿತದೇನ್ರೀ?"

ಡಾಕ್ಟರಮ್ಮ ಮೊದಲು ಎಣ್ಣೆ ತಿಕ್ಕಿದವರು ಯಾರೆಂದು ವಿಚಾರಿಸಿದರು. ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳಿದರು. ರಟ್ಟೆಯ ಸ್ನಾಯುವನ್ನು ಭುಜಕ್ಕೆ ಕಟ್ಟುವ ಹಗ್ಗ ಎರಡು. ಅದರಲ್ಲಿ ಒಂದು ಹರಿದಿದೆ, ಇನ್ನೊಂದು ಗಟ್ಟಿಯಾಗಿದೆ. ಐವತ್ತು ದಾಟಿದ ಈ ವಯಸ್ಸಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಈಗ ಐಸ್ ಇಟ್ಟು, ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿರಲಿ, ನೋವು ಇಳಿದ ಮೇಲೆ ಹಗುರಾಗಿ ವ್ಯಾಯಾಮ. ಉಬ್ಬು ಹಾಗೇ ಉಳಿದೀತು, ಕೈ ಮಾತ್ರ ಕೆಲಸಕ್ಕೆ ಬರುತ್ತದೆ. ಭಾರ ಎತ್ತಲು ಮೂರು ತಿಂಗಳಾದರೂ ಕಾಯಬೇಕು.

ಯಂಕಪ್ಪನಿಗೆ ಹೋದ ಜೀವ ಬಂದಂತಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಾಳಮ್ಮನ ಎದುರೇ ಕಣ್ಣೀರು ಒರೆಸಿಕೊಂಡ.

ಮಧ್ಯಾಹ್ನ ಕಮಲಾಪುರದಲ್ಲಿ, ಕೈ ಜೋಳಿಗೆಯಲ್ಲಿಟ್ಟುಕೊಂಡು ಕುರ್ಚಿಯ ಮೇಲಿಂದಲೇ ಮಾಳಮ್ಮನಿಗೂ ಬಡಿಸುವ ಹುಡುಗರಿಗೂ ಹುಕುಂ ನಡೆಸಿದ. ಹುಗ್ಗಿ ಆಯಿತು, ಬದನೆಕಾಯಿ ಪಲ್ಯವೂ ಆಯಿತು. ಸಾರಿಗೆ ಉಪ್ಪು ಹಾಕುವ ಹೊತ್ತು ಬಂದಾಗ ತೊಡಕಾಯಿತು. ಉಪ್ಪಿನ ಡಬ್ಬಿಯನ್ನು ಆತ ಈವರೆಗೆ ಯಾರಿಗೂ ಮುಟ್ಟಗೊಟ್ಟವನಲ್ಲ; ಅವನ ಮುಷ್ಟಿಯೇ ಅಳತೆ. ಬಲಗೈ ಎತ್ತುವ ಹಾಗಿಲ್ಲ, ಮದುವೆಯ ಅಡುಗೆಗೆ ಎಡಗೈಯಿಂದ ಉಪ್ಪು ಹಾಕುವುದಂತೂ ಆಗದ ಮಾತು. ಸಂಕಟಪಡುತ್ತಲೇ ಮಾಳಮ್ಮನಿಗೆ ಹೇಳಿದ:

"ಎಂಟು ಮುಷ್ಟಿ ಹಾಕು. ಒಂದೂ ಕಮ್ಮಿ ಆಗಬಾರ್ದು."

ಮಾಳಮ್ಮ ಲೆಕ್ಕ ತಪ್ಪದೆ ಎಂಟು ಹಾಕಿದಳು. ಅವಳ ಮುಷ್ಟಿ ಅವನದರ ಅರ್ಧದಷ್ಟಿತ್ತು.

ಸಂಜೆ ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಸಾರಿನ ಕೊಪ್ಪರಿಗೆ ತಳ ಕಂಡಿತು. ಯಂಕಪ್ಪನ ಎದೆ ಹಗುರಾಯಿತು. ಕೈಯೂ ಉಳಿಯಿತು, ಹೆಸರೂ ಉಳಿಯಿತು ಎಂದುಕೊಂಡ. ಅಷ್ಟರಲ್ಲಿ ಭಾಗಪ್ಪನವರೇ ಬೀಗರನ್ನು ಬಿಟ್ಟು, ಹೆಂಡತಿಯ ಜೊತೆ ಅಡುಗೆಮನೆಗೆ ಬಂದರು.

"ಯಂಕಪ್ಪ, ಇಪ್ಪತ್ತು ವರ್ಷದಿಂದ ನಿನ್ನ ಸಾರು ಉಣ್ಣಾಕತ್ತೀವಿ. ನಡುನಡುವ ನೀರು ಕುಡೀದೆ ಉಂಡದ್ದು ಇವತ್ತೇ ನೋಡು. ಕೈ ಎಂದು ಬರೊಬ್ಬರಿ ಆಗ್ತದ?"

ಯಂಕಪ್ಪ ಹಿಗ್ಗಿದ. "ಚಿಂತಿ ಇಲ್ರೀ ಧಣಿ, ಮೂರು ತಿಂಗಳದಾಗ ಮೊದಲಿನಂಗ ಆಗ್ತದ ಅಂದಾರ."

ಭಾಗಪ್ಪನವರು ಬೆರಳು ಮಡಚಿ ಎಣಿಸಿ, ಹೆಂಡತಿಯ ಕಡೆ ತಿರುಗಿದರು.

"ಹಂಗಾದ್ರ ಸಣ್ಣಾಕಿ ಮದುವಿ ಎರಡು ತಿಂಗಳೊಳಗ ಮಾಡಿ ಮುಗಿಸಿಬಿಡೂಣು."