ಆನ್‌ಲೈನಿನಲ್ಲಿ ಕರೆದ ಗೃಹಪ್ರವೇಶ

ಜಗತ್ತು ಬದಲಾಗಿದೆ ಎಂಬ ಸುದ್ದಿಯನ್ನು ನಮ್ಮ ಮನೆಗೆ ತಲುಪಿಸುವ ಹೊಣೆ ನನ್ನದೇ ಎಂದು ನಂಬಿದ್ದ ಕಾಲ ಅದು. ಇಂಟರ್ನೆಟ್ ಬೇಕೆಂದರೆ ಶಿವಮೊಗ್ಗದ ಗಾಂಧಿ ಬಜಾರಿನ ಸೈಬರ್ ಕೆಫೆಗೆ ಹೋಗಬೇಕಿತ್ತು. ಆಗ ಎಲ್ಲರೂ ಸೇರಿಕೊಂಡಿದ್ದ ಒಂದು ತಾಣದಲ್ಲಿ ನಾನು ‘ಭದ್ರಾವತಿ ಬಳಗ’ ಎಂಬ ಕಮ್ಯುನಿಟಿ ಕಟ್ಟಿದ್ದೆ. ಸ್ಥಾಪಕ, ಅಧ್ಯಕ್ಷ, ಜಗಳ ಬಿಡಿಸುವವನು ಎಲ್ಲ ನಾನೇ. ಬಳಗದವರು ಹುಟ್ಟುಹಬ್ಬಕ್ಕೆ ಹಾರೈಸುತ್ತಿದ್ದರು, ಜ್ವರ ಬಂದರೆ ಕಷಾಯ ಹೇಳಿಕೊಡುತ್ತಿದ್ದರು. ನೆಂಟರಿಗಿಂತ ಇವರೇ ವಾಸಿ ಎಂದು ನನಗೆ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಹೊಸಮನೆ ಬಡಾವಣೆಯಲ್ಲಿ ಕಟ್ಟಿಸಿದ ನಮ್ಮ ಮನೆಯ ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಹೆಂಡತಿ ಸುಮಾ ಸ್ಕೂಲ್ ಟೀಚರ್, ರಜೆ ಸಿಗಲಿಲ್ಲ.

“ಶಿವಮೊಗ್ಗದವರನ್ನ ಸಂಜೆ ಹೊತ್ತು ನಾನು ಕರೀತೀನಿ. ಭದ್ರಾವತಿ ನಿಮ್ಮದು. ಮೊದಲು ಅಣ್ಣನ ಮನೆಗೆ ಹೋಗಿ ಕರೆದು ಬನ್ನಿ. ಹಾಲಿನ ಪಾತ್ರೆ ಅವನೇ ತರಬೇಕು.”

ನಮ್ಮಲ್ಲಿ ಹೊಸ ಮನೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕಬೇಕಾದದ್ದು ಹೆಂಡತಿಯ ತವರಿನವರು ತಂದ ಪಾತ್ರೆಯಲ್ಲಿ. ನಾನು “ಆಯ್ತು, ಹೋಗೋಣ” ಎಂದೆ ಅಂತ ನನ್ನ ನೆನಪು. “ಹೋಗೋದೆಲ್ಲ ಹಳೇ ಕಾಲ” ಅಂದಿರಿ ಅಂತ ಅವಳ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ಅದನ್ನು ನಾನೂ ಪೂರ್ತಿ ನಂಬುವುದಿಲ್ಲ.

ನಾನು ಕೆಫೆಗೆ ಹೋಗಿ ಬಳಗದಲ್ಲಿ ಹೀಗೆ ಬರೆದೆ: “ನಮ್ಮ ಗೃಹಪ್ರವೇಶಕ್ಕೆ ಎಲ್ಲರೂ ಕುಟುಂಬ ಸಮೇತ ಬರಬೇಕು. ಅವತ್ತು ಯಾರ ಮನೆಯಲ್ಲೂ ಒಲೆ ಹಚ್ಚಕೂಡದು.” ಉತ್ತರಗಳು ಸುರಿದವು. “ಖಂಡಿತ ಬರ್ತೀವಿ ಗುರುಗಳೇ.” ಮಸ್ಕತ್‌ನಲ್ಲಿದ್ದ ಒಬ್ಬ “ಈಗಲೇ ಒಲೆ ಆರಿಸಿದೆ” ಎಂದ. ಸುಮಾಳ ಅಣ್ಣ ಶೇಖರಪ್ಪನವರು ಫ್ಯಾಕ್ಟರಿ ಕೆಲಸದವರು. ಅವರನ್ನೂ ನಾನೇ ಬಳಗಕ್ಕೆ ಸೇರಿಸಿದ್ದೆ. ಭದ್ರಾವತಿಯನ್ನು ಕರೆದದ್ದು ಮುಗಿಯಿತು! ಅಡುಗೆಯವರಿಗೆ ಬಳಗವನ್ನೂ ಸೇರಿಸಿ ಎಲೆ ಹೇಳಿದೆ.

ಆ ದಿನ ಬೆಳಿಗ್ಗೆ ಹೋಮದ ಹೊಗೆ ಎದ್ದರೂ ಭದ್ರಾವತಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

“ಹನ್ನೊಂದರೊಳಗೆ ಹಾಲು ಉಕ್ಕಬೇಕು. ತವರಿನವರು ಎಲ್ಲಿ?” ಎಂದರು ಪುರೋಹಿತರು.

ಸುಮಾ ಅಣ್ಣನಿಗೆ ಫೋನ್ ಮಾಡಿದಳು. ಅವನು ಹೇಳಿದ್ದನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

“ರೀ, ಅಣ್ಣನ್ನ ಹೇಗೆ ಕರೆದ್ರಿ?”

“ಕಮ್ಯುನಿಟೀಲಿ.”

“ನನ್ನ ಅಣ್ಣನ್ನ ಬೋರ್ಡಿಗೆ ನೋಟಿಸ್ ಅಂಟಿಸಿ ಕರೆದ್ರಾ?” ಎಂದವಳೇ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಳು. “ಪಾತ್ರೆ ಬರೋವರೆಗೂ ನಾನು ಈ ಹೊಸ್ತಿಲು ದಾಟಲ್ಲ.”

ಇಡೀ ಮನೆ ಕಟ್ಟಿಸಿ ಹೆಂಡತಿಯನ್ನು ಅಂಗಳದಲ್ಲಿ ಇಟ್ಟವನು ಎನ್ನಿಸಿಕೊಳ್ಳಲು ನಾನು ಸಿದ್ಧನಿರಲಿಲ್ಲ. ರೇಷ್ಮೆ ಪಂಚೆಯಲ್ಲೇ ಸ್ಕೂಟರ್ ಏರಿದೆ. ಭದ್ರಾವತಿ ರಸ್ತೆಯಲ್ಲಿ ಪಂಚೆ ಸ್ವತಂತ್ರವಾಗಿ ಹಾರತೊಡಗಿತು. ಒಂದು ಕೈಯಲ್ಲಿ ಮಾನ, ಇನ್ನೊಂದು ಕೈಯಲ್ಲಿ ಆಕ್ಸಿಲರೇಟರ್. ಹಿಂದೆ ಬಂದ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿ ಹೋದರು.

ಶೇಖರಪ್ಪನವರು ಜಗಲಿಯ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಶಲ್ಯ. ಪಕ್ಕದಲ್ಲಿ ತೊಳೆದಿಟ್ಟ ಹಿತ್ತಾಳೆ ಪಾತ್ರೆ. ಅವರ ಹೆಂಡತಿ ಗಿರಿಜಕ್ಕ ರೇಷ್ಮೆ ಸೀರೆ ಉಟ್ಟು ಹೂ ಮುಡಿದಿದ್ದರು. ಬಾಡಿಗೆ ವ್ಯಾನು ಗೇಟಿನ ಮುಂದೆಯೇ ನಿಂತಿತ್ತು, ಡ್ರೈವರ್ ನಿದ್ದೆಯಲ್ಲಿದ್ದ.

“ಭಾವ, ಇನ್ನೂ ಹೊರಟಿಲ್ವಾ?” ಎಂದೆ.

“ಎಲ್ಲಿಗೆ?” ಎಂದರು ಶೇಖರಪ್ಪನವರು.

“ನಾನು ಹಾಕಿದ್ದು ನೋಡಲಿಲ್ವಾ?”

“ನೋಡಿದೆ. ಊರಿಗೆಲ್ಲ ಹಾಕಿದ್ರಿ, ಚೆನ್ನಾಗಿತ್ತು. ನಮ್ಮನ್ನ ಕರೆಯೋಕೆ ಯಾವಾಗ ಬರ್ತಾರೋ ಅಂತ ರೆಡಿಯಾಗಿ ಕೂತಿದ್ದೀವಿ.”

“ಈಗ ಬಂದೆನಲ್ಲ. ಏಳಿ, ಹೋಗೋಣ.”

“ನಿಂತ್ಕೊಂಡು ಕರೀತಾರಾ ಮಾರಾಯ್ರೇ? ಕೂತ್ಕೊಳ್ಳಿ.”

ಕೂತೆ. ಕರೆಯಲು ಕುಂಕುಮ ತಂದಿರಲಿಲ್ಲ. ಗಿರಿಜಕ್ಕ ಒಳಗೆ ಹೋಗಿ ತಮ್ಮದೇ ಭರಣಿ ತಂದು ನನ್ನ ಮುಂದಿಟ್ಟರು. ಅವರ ಮನೆಯ ಕುಂಕುಮ ಅವರಿಗೇ ಕೊಟ್ಟು, ಅವರದೇ ಜಗಲಿಯಲ್ಲಿ ಕೂತು, ಅವರನ್ನು ನಮ್ಮ ಮನೆಗೆ ಕರೆದೆ.

“ಕಾಫಿ ಕೊಡೋ ಹಾಗಿಲ್ಲ,” ಎಂದರು ಗಿರಿಜಕ್ಕ. “ಒಲೆ ಹಚ್ಚಬೇಡಿ ಅಂತ ನೀವೇ ಬರೆದಿದ್ದೀರಂತೆ.”

ಹನ್ನೊಂದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಹಾಲು ಉಕ್ಕಿತು. ಸುಮಾ ಒಳಗೆ ಬಂದಿದ್ದಳು. ಬಳಗದಿಂದ ಯಾರೂ ಬರಲಿಲ್ಲ. ಅವರ ಪಾಲಿನ ಹೋಳಿಗೆಯನ್ನು ನಾವು ಬಹಳ ದಿನ ತಿಂದೆವು.

ಸುಮ್ಮನೆ ಬಿಡಬಾರದೆಂದು ಮಾರನೆಯ ದಿನ ಕೆಫೆಗೆ ಹೋದೆ. ಬೈಯಲು ಬಳಗವೇ ಇರಲಿಲ್ಲ. ಎಲ್ಲರೂ ಇನ್ನೊಂದು ಹೊಸ ತಾಣಕ್ಕೆ ಗುಳೆ ಹೋಗಿದ್ದರು. ಸ್ಥಾಪಕನಾದ ನನಗೆ ಒಂದು ಮಾತು ಹೇಳಿರಲಿಲ್ಲ! ನಿಜ ಹೇಳಬೇಕೆಂದರೆ ಹೇಳಿದ್ದರು, “ಎಲ್ಲರೂ ಅಲ್ಲಿಗೆ ಬನ್ನಿ” ಅಂತ. ಎಲ್ಲರೂ ಅಂದರೆ ನಾನೂ ಅಂತ ಹೇಗೆ ತಿಳಿದುಕೊಳ್ಳುವುದು?

ಆದರೂ ನಾನು ಬಿಡುವ ಆಸಾಮಿಯಲ್ಲ. ಭಾನುವಾರ ಭದ್ರಾವತಿಗೆ ಹೋಗಿ ಬಳಗದವರ ಮನೆ ಮನೆಯ ಮೆಟ್ಟಿಲು ಹತ್ತಿದೆ. ದಯವಿಟ್ಟು ಹಳೇ ತಾಣಕ್ಕೆ ವಾಪಸ್ ಬನ್ನಿ ಅಂತ ಕೂತುಕೊಂಡೇ ಕರೆದೆ. ಆನ್‌ಲೈನ್ ಬಳಗಕ್ಕೆ ಬಾಗಿಲು ಬಡಿದು ಜನ ಕರೆದವನು ನಾನೊಬ್ಬನೇ ಇರಬೇಕು. ಪ್ರತಿ ಮನೆಯಲ್ಲೂ “ಖಂಡಿತ ಬರ್ತೀವಿ” ಎಂದರು.

ಬಂದವರು ಒಬ್ಬರೇ, ಶೇಖರಪ್ಪನವರು. ಅದೂ ನಮ್ಮ ಮನೆಗೆ. “ಭಾವ, ಎಲ್ಲರೂ ಆ ಹೊಸದರಲ್ಲಿ ಇದ್ದಾರಂತೆ, ನನ್ನನ್ನೂ ಸೇರಿಸಿಕೊಡಿ” ಎಂದರು. ಕೆಫೆಗೆ ಕರೆದುಕೊಂಡು ಹೋಗಿ ಸೇರಿಸಿಕೊಟ್ಟೆ. ಆಮೇಲೆ ಯಾರಿಗೂ ಹೇಳದೆ ನಾನೂ ಸೇರಿ, ಮೊದಲು ಅವರಿಗೇ ಸ್ನೇಹದ ಕೋರಿಕೆ ಕಳಿಸಿದೆ.

ಅವರಿನ್ನೂ ಒಪ್ಪಿಲ್ಲ.