ಎಡದ ಗುಂಡಿಗೆ ಬಲದವರನ್ನು ಎಗರಿಸುವ ಸ್ವೇ ಬಾರ್ ಅವರಿಗೆ

ಹಾಲ್ಕುರಿಕೆ
ಮಂಗಳವಾರ, ೧೯೮೧

ಮಾನ್ಯರೇ,

ನಮ್ಮ ಕಪ್ಪು ಕಾರಿನ ಹೊಟ್ಟೆಯಡಿ ಮಲಗಿದಲ್ಲಿಂದಲೇ ಈ ಕಿರಿಯಳ ನಮಸ್ಕಾರಗಳನ್ನು ಸ್ವೀಕರಿಸಬೇಕು. ಇಂದು ಬೆಳಿಗ್ಗೆ ಅಂಗಳದಲ್ಲಿ ಕಾರಿನ ಎಡಚಕ್ರ ಒಂದು ತೆಂಗಿನ ಸಿಪ್ಪೆಯನ್ನು ಹತ್ತಿದಾಗ, ಏನೂ ಅಡ್ಡವಿಲ್ಲದ ಬಲಚಕ್ರವೂ, ಅತ್ತೆ ಎದ್ದರೆಂದು ತಾನೂ ಏಳುವ ಹೊಸ ಸೊಸೆಯಂತೆ, ಚಕ್ಕನೆ ಮೇಲೆದ್ದುದನ್ನು ಕಂಡೆ. ಅದು ತಾವು ಕಲಿಸಿದ ಸಂಸ್ಕಾರವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ತಾವು ನಮ್ಮ ಮನೆಗೆ ಬರಲು ನಾನೇ ಕಾರಣ. ಬರುವ ಗುರುವಾರ ತುಮಕೂರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ನನಗೆ ಸಂದರ್ಶನವಿದೆ. ಆದರೆ ಇಪ್ಪತ್ತೈದು ವರ್ಷ ಹಳೆಯ ಈ ಕಾರು ತಿರುವಿನಲ್ಲಿ ವಾಲಿದೊಡನೆ ನನಗೆ ವಾಂತಿ ಬರುತ್ತದೆ. ಕಳೆದ ತಿಂಗಳು ತಂದೆಯ ಅಕ್ಕ ಗುರುಶಾಂತಮ್ಮನವರ ರೇಷ್ಮೆ ಸೀರೆಯ ಮೇಲೆಯೇ ಬಂದಿತು. "ಮಗೀಗೇನಾಗಿಲ್ಲ ಕಣಕ್ಕ, ಗಾಡಿ ವಾಲ್ತದೆ ಅಷ್ಟೇಯ" ಎಂದ ನನ್ನ ತಂದೆ, ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರು, ಎರಡು ಚಕ್ರಗಳನ್ನು ಅಡಿಯಲ್ಲಿ ಜೋಡಿಸಿ ಕಾರು ವಾಲದಂತೆ ಹಿಡಿಯುವ, ಬೇರೆಯಾಗಿಯೇ ಕೊಳ್ಳಬೇಕಾದ ತಮ್ಮಂಥ ಕಬ್ಬಿಣದ ಸರಳೊಂದನ್ನು ಹುಡುಕಿಕೊಂಡು ಕಿಬ್ಬನಹಳ್ಳಿಯ ಮೆಕ್ಯಾನಿಕ್ ಶಿವಣ್ಣನ ಬಳಿ ಹೋದರು. ನಾನೂ ಹಿಂದೆ ನಿಂತಿದ್ದೆ.

ಗೋಣಿಚೀಲದ ಮೇಲೆ ತಾವು ಮೂವರು ಮಲಗಿದ್ದಿರಿ. "ಈ ಗಾಡಿಗೆ ಸಣ್ಣದೇ ಸರಿ ಕಣಣ್ಣ, ದಪ್ಪದ್ದು ಹಾಕಿದ್ರೆ ಒಂದ್ ಚಕ್ರದ ಏಟು ಇನ್ನೊಂದಕ್ಕೂ ಬೀಳ್ತದೆ" ಎಂದು ಶಿವಣ್ಣ ಹೇಳುತ್ತಲೇ ಇದ್ದ. ಆದರೆ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಲೊಟಗುಟ್ಟಿದರೆ ಕೊಬ್ಬರಿ ಆಗಿದೆಯೆಂದು ಮೂವತ್ತು ವರ್ಷಗಳಿಂದ ತಪ್ಪದೆ ಹೇಳುತ್ತ ಬಂದಿರುವ ನನ್ನ ತಂದೆ, ತಮ್ಮನ್ನೂ ಒಬ್ಬೊಬ್ಬರನ್ನಾಗಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ತೆಳ್ಳಗಿದ್ದ ಇಬ್ಬರು ಸುಮ್ಮನಿದ್ದರು. ತಮ್ಮ ತುದಿಯ ಕೊಂಡಿ ಸಡಿಲವಾಗಿತ್ತು, ತಾವು ಲೊಟಗುಟ್ಟಿದಿರಿ. "ಇದು ಆಗೈತೆ ಕಣ್ಲಾ, ಇದನ್ನೇ ಹಾಕು" ಎಂದರು.

ತಮ್ಮ ಗುಣವನ್ನು ಮರೆಮಾಚಲಾರೆ: ಕಾರು ಈಗ ತಿರುವಿನಲ್ಲಿ ಕಲ್ಲುಕಂಬದಂತೆ ನೆಟ್ಟಗಿರುತ್ತದೆ. ಆದರೆ ನಮ್ಮ ದಾರಿಯಲ್ಲಿ ತಿರುವು ಎರಡು, ಗುಂಡಿ ಇನ್ನೂರು. ಭಾನುವಾರ ಎಡದ ಗುಂಡಿಗೆ ಬಲಗಡೆ ಕುಳಿತಿದ್ದ ಗುರುಶಾಂತಮ್ಮತ್ತೆ ಎಗರಿ, ತಲೆ ಮೇಲಿನ ತಗಡಿಗೆ ಬಡಿದು, "ಗುಂಡಿ ಅತ್ಲಾಗೈತೆ, ಇತ್ಲಾಗ್ ಕುಂತೋಳು ನಾನ್ಯಾಕ್ಲಾ ಎಗರ್ಬೇಕು?" ಎಂದು ಕೂಗಿದರೆ, ತಂದೆ ಹೆಮ್ಮೆಯಿಂದ "ಎಗರಿದ್ದು ಇರ್ಲಿ, ವಾಲ್ತೇನಕ್ಕ? ಅದ್ ಹೇಳು" ಎಂದರು. ವಾಲಿದಾಗ ಬರುತ್ತಿದ್ದುದು ನನಗೀಗ ಎಗರಿದಾಗ ಬರುತ್ತದೆ. ಸೆರಗನ್ನು ಬಾಯಿಗೊತ್ತಿಕೊಂಡು ತೋಟ ನೋಡುವವಳಂತೆ ಕುಳಿತೆ.

ಆದ್ದರಿಂದ ಸವಿನಯ ವಿನಂತಿ: ಎರಡೂ ಚಕ್ರ ಒಟ್ಟಿಗೆ ಗುಂಡಿಗಿಳಿದರೆ ತಮಗೆ ಕೆಲಸವೇ ಇಲ್ಲವೆಂದು ಶಿವಣ್ಣ ಹೇಳುವುದರಿಂದ, ಗುರುವಾರದೊಳಗೆ ತುಮಕೂರಿನವರೆಗಿನ ಪ್ರತಿ ಗುಂಡಿಯ ಪಕ್ಕದಲ್ಲೂ ಅಷ್ಟೇ ಆಳದ ಜೋಡಿಗುಂಡಿ ತೋಡಿಸಿಕೊಡಬೇಕು. ಆಗದಿದ್ದರೆ ಗುಬ್ಬಿ ದಾಟುವವರೆಗಾದರೂ ತಾವು ರಬ್ಬರಾಗಿರಬೇಕು. ಅದೂ ಆಗದಿದ್ದರೆ ಸಂದರ್ಶನ ಮಾಡುವ ಹಿರಿಯರನ್ನೇ ನಮ್ಮ ಹಿಂದಿನ ಸೀಟಿನಲ್ಲಿ ಕರೆತರಲು ಅಪ್ಪಣೆಯಾಗಲಿ. ಇಳಿದ ಮೇಲೆ ಅವರು ಪ್ರಶ್ನೆ ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ತಂದೆ ತಮ್ಮನ್ನು ನನಗೋಸ್ಕರ ಕಿವಿಗೊಟ್ಟು ಆರಿಸಿದರು. ತಪ್ಪಾಯಿತೆಂದು ಅವರಿಗೆ ಹೇಳಲು ನನಗೆ ಬಾಯಿ ಬಾರದು. ಆದರೆ ಕಾರು ಓಡಿಸುವವರು ಅವರೇ, ಓಡಿಸುತ್ತ ಪುಸ್ತಕ ಹಿಡಿದು ಪ್ರಶ್ನೆ ಕೇಳಲಾರರು. ತಿಪಟೂರಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲೇ ಹೋಗಿಬಂದರೂ ಒಮ್ಮೆಯೂ ನನಗೆ ವಾಂತಿ ಬಂದಿಲ್ಲ. ಹೀಗಾಗಿ ಇಂದು ಸಂಜೆ, ನನಗೆ ಭಯವಾಗುತ್ತದೆ, ದಾರಿಯುದ್ದಕ್ಕೂ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಬೇಕು ಎಂದು ಅವರನ್ನು ಬೇಡಿಕೊಳ್ಳುತ್ತೇನೆ. ಭಯವಂತೂ ಸುಳ್ಳಲ್ಲ. ಗುರುವಾರ ಆರೂವರೆಯ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ.

ಎಷ್ಟೇ ಎಗರಿಸಿದರೂ ತಮ್ಮ ವಿಶ್ವಾಸಿಯಾಗಿಯೇ ಕೆಳಗಿಳಿದ,
ಗಿರಿಜಾಂಬಿಕಾ

ವಿ.ಸೂ.: ತೋಟದಲ್ಲಿ ಕಾಯಿ ಸುಲಿಯಲು ನೆಟ್ಟಿದ್ದ ಸಲಾಕೆ ಮುರಿದಿದೆಯೆಂದೂ, ಮನೆಯಲ್ಲಿ ದಪ್ಪನೆಯ ಕಬ್ಬಿಣವಿದ್ದರೆ ಕೊಡಬೇಕೆಂದೂ ತೋಟದ ಕೆಲಸದ ಅಂಕಮ್ಮ ಕೇಳಿದ್ದಾಳೆ. ನಾನಿನ್ನೂ ಇಲ್ಲವೆಂದು ಹೇಳಿಲ್ಲ.